ಅಮ್ಮನ ಹೆಪ್ಪು, ನನ್ನ ಈಸ್ಟು

ತುಂಬಾ ದಿನ ಆಯ್ತು ಇಲ್ಲಿ ಏನಾದರೂ ಬರೆದು. ವಿಷಯ ಇರಲಿಲ್ಲ ಅಂತಲ್ಲ, ಇದ್ದ ವಿಷಯ ಬರೆಯಬಹುದೋ ಬಾರದೋ ಅನ್ನುವ ಅನುಮಾನ. ಊರಿನ ಒಂದಿಬ್ಬರು ಇದನ್ನು ಓದುತ್ತಾರೆ ಅಂತ ಗೊತ್ತು. ಓದಿ ಮುಗಿಸುವಷ್ಟರಲ್ಲಿ "ಅವನು ಅಮೆರಿಕಾಕ್ಕೆ ಹೋಗಿ ಭಟ್ಟಿ ಇಳಿಸ್ತಾನಂತೆ" ಅಂತ ಯಲ್ಲದಕೆರೆಯ ಟೀ ಅಂಗಡಿಯಲ್ಲಿ ಸುದ್ದಿಯಾಗುವುದು ಖಂಡಿತ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ. ಭಟ್ಟಿ ಇಳಿಸುವುದು ಬೇರೆ, ಬಿಯರ್ ಮಾಡುವುದು ಬೇರೆ. ಭಟ್ಟಿಯಲ್ಲಿ ಹುಳಿ ಬಂದದ್ದನ್ನು ಒಲೆಯ ಮೇಲಿಟ್ಟು ಕಾಯಿಸಿ ಆವಿ ಹಿಡಿದು ಇಳಿಸುತ್ತಾರೆ. ಅದಕ್ಕೆ ನಾನು ಕೈ ಹಾಕಿಲ್ಲ. ನಾನು ಮಾಡುವುದು ಬರೀ ಹುಳಿ ಬರಿಸುವ ಕೆಲಸ, ಅಷ್ಟೇ.

ಇಲ್ಲಿ ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಕಾನೂನಿನ ಅಡ್ಡಿ ಇಲ್ಲ. 1978ರ ಅಕ್ಟೋಬರಿನಲ್ಲಿ ಜಿಮ್ಮಿ ಕಾರ್ಟರ್ ಒಂದು ಮಸೂದೆಗೆ ಸಹಿ ಹಾಕಿದರು. ಅದರ ಪ್ರಕಾರ ಒಂದು ಮನೆಯಲ್ಲಿ ಇಬ್ಬರು ದೊಡ್ಡವರಿದ್ದರೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 750 ಲೀಟರ್ ತನಕ ಸ್ವಂತಕ್ಕೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ನಮ್ಮ ಕಡೆ ಹಾಗಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮಾಡಿದರೆ ಅಪರಾಧ. ಆದ್ದರಿಂದ ಊರಲ್ಲಿರುವ ಗೆಳೆಯರು ಇದನ್ನು ಓದಿ ಹುರುಪಿನಿಂದ ಶುರು ಹಚ್ಚಿಕೊಳ್ಳಬೇಡಿ :-)

ನಾನಿರುವುದು ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಪಕ್ಕದಲ್ಲಿ. ಇದು ಬಿಯರಿನ ಊರು. ಪ್ಯಾಬ್ಸ್ಟ್, ಶ್ಲಿಟ್ಜ್, ಬ್ಲಾಟ್ಜ್, ಮಿಲ್ಲರ್ ಎಲ್ಲ ಹುಟ್ಟಿದ್ದು ಇಲ್ಲೇ, ಜರ್ಮನಿಯಿಂದ ವಲಸೆ ಬಂದವರ ಕೈಯಲ್ಲಿ. ಲಾಗರ್ ಬಿಯರಿಗೆ ಚಳಿ ಬೇಕು. ಫ್ರಿಜ್ ಇಲ್ಲದ ಕಾಲದಲ್ಲಿ ಇವರು ಚಳಿಗಾಲದಲ್ಲಿ ಕೆರೆ ಹೊಳೆಗಳ ಮೇಲೆ ಹೆಪ್ಪುಗಟ್ಟಿದ ಐಸನ್ನು ಗರಗಸದಲ್ಲಿ ಕೊಯ್ದು ತಂದು ನೆಲಮಾಳಿಗೆಗಳಲ್ಲಿ ತುಂಬಿಟ್ಟುಕೊಳ್ಳುತ್ತಿದ್ದರಂತೆ. (ನೋಡಿ, ಕನ್ನಡದಲ್ಲಿ ಹಾಲೂ ಹೆಪ್ಪಾಗುತ್ತೆ, ನೀರೂ ಹೆಪ್ಪುಗಟ್ಟುತ್ತೆ, ರಕ್ತವೂ ಹೆಪ್ಪುಗಟ್ಟುತ್ತೆ.) 1920ರಿಂದ 1933ರವರೆಗೆ ಈ ದೇಶದಲ್ಲಿ ಪಾನನಿಷೇಧ ಇತ್ತಲ್ಲ, ಆಗ ಪ್ಯಾಬ್ಸ್ಟ್ ಕಂಪನಿಯವರು ಬಿಯರ್ ಬಿಟ್ಟು ಮಾಲ್ಟ್ ಪಾಕವನ್ನು ಡಬ್ಬಿಯಲ್ಲಿ ತುಂಬಿ ಮಾರಿದರು. ಅಡುಗೆಗೆ ಅಂತ ಹೆಸರು. ಕೊಂಡವರು ಮನೆಯಲ್ಲಿ ಏನು ಮಾಡುತ್ತಿದ್ದರು ಅಂತ ಎಲ್ಲರಿಗೂ ಗೊತ್ತಿತ್ತು. ಅಂದ ಹಾಗೆ 1933 ಅಂದರೆ ನಮ್ಮ ಹಿರಿಯೂರಿನ ಕಡೆಯವರಿಗೆ ಬೇರೆಯೇ ಲೆಕ್ಕ. ಮಾರಿಕಣಿವೆ ಕೋಡಿ ಬಿದ್ದ ವರ್ಷ ಅದು. ಆಮೇಲೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷ ಆದ ಮೇಲೆ. ಅಮ್ಮ ಅಕ್ಕಪಕ್ಕದವರ ಜೊತೆ ಟೆಂಪೋದಲ್ಲಿ ಹೋಗಿ ನೋಡಿಕೊಂಡು ಬಂದಿದ್ದಳು. ಅದರ ವರ್ಣನೆಯನ್ನು ಫೋನಿನಲ್ಲಿ ಒಂದು ವಾರ ಕೇಳಿದ್ದೇನೆ.

ಇರಲಿ, ವಿಷಯಕ್ಕೆ ಬರುತ್ತೇನೆ.

ಬಿಯರಿನಲ್ಲಿ ಎರಡು ದೊಡ್ಡ ಜಾತಿ. ಏಲ್ ಒಂದು, ಲಾಗರ್ ಇನ್ನೊಂದು. ಏಲಿನ ಈಸ್ಟು ನಮ್ಮ ಬೆಂಗಳೂರಿನ ಹವೆಯಂಥ 18-20 ಡಿಗ್ರಿಯಲ್ಲಿ ಖುಷಿಯಾಗಿ ಕೆಲಸ ಮಾಡುತ್ತದೆ. ಲಾಗರಿನದು ಹಾಗಲ್ಲ, 10 ಡಿಗ್ರಿಯ ಆಸುಪಾಸಿನಲ್ಲಿ ನಿಧಾನವಾಗಿ ಹುಳಿ ಬರಿಸಬೇಕು, ಆಮೇಲೆ ಸೊನ್ನೆಯ ಹತ್ತಿರ ತಿಂಗಳುಗಟ್ಟಲೆ ಇಡಬೇಕು. ಜರ್ಮನ್ ಭಾಷೆಯಲ್ಲಿ 'ಲಾಗರ್ನ್' ಅಂದರೆ ದಾಸ್ತಾನು ಇಡುವುದು ಅಂತ ಅರ್ಥ, ಹೆಸರು ಬಂದದ್ದು ಅಲ್ಲಿಂದ. ನಮ್ಮ ಮನೆಯ ಬೇಸ್‌ಮೆಂಟಿನ ಒಂದು ಮೂಲೆ ನವೆಂಬರ್ ಬಂತೆಂದರೆ ಸರಿಯಾಗಿ 10-11 ಡಿಗ್ರಿಗೆ ಬಂದು ನಿಲ್ಲುತ್ತದೆ. ಪುಕ್ಕಟೆ ಚಳಿ. ಅದನ್ನು ನೋಡಿಯೇ ನನಗೆ ಲಾಗರ್ ಹುಚ್ಚು ಹಿಡಿದದ್ದು.

ಚಳಿಯಲ್ಲಿ ಈಸ್ಟು ಸೋಮಾರಿ. ಆದ್ದರಿಂದ ಏಲಿಗೆ ಹಾಕುವುದರ ಎರಡರಷ್ಟು ಹಾಕಬೇಕು. ಲೆಕ್ಕ ಹೀಗಿದೆ: 20 ಲೀಟರ್ ಸಾಧಾರಣ ಲಾಗರಿಗೆ ಸುಮಾರು 36 ಸಾವಿರ ಕೋಟಿ ಈಸ್ಟ್ ಕಣಗಳು ಬೇಕು. ಅಂಗಡಿಯಲ್ಲಿ ನಾನು ತರುವ ಒಂದು ಪ್ಯಾಕೆಟ್ಟಿನಲ್ಲಿ ಇರುವುದು, ತಾಜಾ ಇದ್ದಾಗ, 10 ಸಾವಿರ ಕೋಟಿ. ಫ್ರಿಜ್ಜಿನಲ್ಲಿ ದಿನ ಕಳೆದಷ್ಟೂ ಸಾಯುತ್ತಾ ಹೋಗುತ್ತವೆ. ಮೂರ್ನಾಲ್ಕು ಪ್ಯಾಕೆಟ್ ಕೊಳ್ಳಬೇಕು, ಇಲ್ಲವೇ ಇರುವ ಒಂದನ್ನು ಮನೆಯಲ್ಲಿ ಬೆಳೆಸಿಕೊಳ್ಳಬೇಕು. ಹೀಗೆ ಬೆಳೆಸಿದ್ದಕ್ಕೆ ಇಲ್ಲಿ ಸ್ಟಾರ್ಟರ್ ಅನ್ನುತ್ತಾರೆ. ನಾನು ಮನಸ್ಸಿನಲ್ಲಿ ಯಾವತ್ತೂ ಅದನ್ನು ಹೆಪ್ಪು ಅಂತಲೇ ಅಂದುಕೊಂಡದ್ದು.

ಮಾಡುವ ಕ್ರಮ ಕಷ್ಟದ್ದೇನಲ್ಲ. ಎರಡು ಲೀಟರ್ ನೀರಿಗೆ 200 ಗ್ರಾಂ ಒಣ ಮಾಲ್ಟ್ ಪುಡಿ ಹಾಕಿ ಹದಿನೈದು ನಿಮಿಷ ಕುದಿಸಬೇಕು. ಉಕ್ಕುತ್ತದೆ, ಹಾಲು ಕಾಯಿಸುವಾಗಿನ ಹಾಗೆ ಎದುರಿಗೇ ನಿಂತಿರಬೇಕು. ಆರಿಸಿ, 20-22 ಡಿಗ್ರಿಗೆ ಬಂದ ಮೇಲೆ ಈಸ್ಟ್ ಹಾಕಬೇಕು. ಕೆಳಗೆ ಒಂದು ಆಯಸ್ಕಾಂತದ ಯಂತ್ರ ಇಟ್ಟರೆ ಒಳಗಿನ ಸಣ್ಣ ಕಡ್ಡಿ ಗಿರಗಿರನೆ ತಿರುಗಿ ಪಾತ್ರೆಯೊಳಗೆ ಸುಳಿ ಏಳುತ್ತದೆ. ನನ್ನದನ್ನು ಹಳೆ ಕಂಪ್ಯೂಟರಿನ ಫ್ಯಾನಿಗೆ ಹಾರ್ಡ್ ಡಿಸ್ಕಿನ ಆಯಸ್ಕಾಂತ ಅಂಟಿಸಿ ನಾನೇ ಮಾಡಿಕೊಂಡದ್ದು, ಇಂಜಿನಿಯರಿಂಗ್ ಓದಿದ್ದಕ್ಕೆ ಇದೊಂದೇ ಸಾರ್ಥಕ. ತಿರುಗಿಸುವುದು ಯಾಕೆಂದರೆ ಗಾಳಿ ಸೇರಲಿ ಅಂತ. ಈಸ್ಟಿಗೆ ಮರಿ ಹಾಕಬೇಕಾದರೆ ಆಮ್ಲಜನಕ ಬೇಕು, ಅದರಿಂದಲೇ ತನ್ನ ಹೊರಪೊರೆಗೆ ಬೇಕಾದ ಕೊಬ್ಬನ್ನು ಕಟ್ಟಿಕೊಳ್ಳುತ್ತದೆ. ಒಂದೆರಡು ದಿನ ತಿರುಗಿಸಿ, ಫ್ರಿಜ್ಜಿನಲ್ಲಿಟ್ಟರೆ ಈಸ್ಟೆಲ್ಲ ತಳಕ್ಕೆ ಕೂರುತ್ತದೆ, ರಾಗಿ ಅಂಬಲಿಯ ಗಸಿಯ ಹಾಗೆ. ಮೇಲಿನ ನೀರು ಬಸಿದು, ಮತ್ತೆ ಹೊಸ ಪಾಕ ಹಾಕಿ ಇನ್ನೊಂದು ಸಲ. ಎರಡು ಸಲ ಮಾಡಿದರೆ ಲಾಗರಿಗೆ ಸಾಕಾಗುತ್ತದೆ. ಬಸಿದ ನೀರನ್ನು ಕುಡಿದು ನೋಡಬೇಡಿ. ನಾನು ನೋಡಿದ್ದೇನೆ.

ಇದೆಲ್ಲಕ್ಕಿಂತ ಮುಖ್ಯ ಮಡಿ. ಹೌದು, ಮಡಿಯೇ. ಪಾತ್ರೆ, ಕತ್ತರಿ, ಪ್ಯಾಕೆಟ್ಟಿನ ಹೊರಮೈ, ಕೈ ಎಲ್ಲವೂ ಸ್ಯಾನಿಟೈಸರಿನಲ್ಲಿ ಅದ್ದಬೇಕು. ಅದ್ದಿದ ಮೇಲೆ ಏನನ್ನೂ ಮುಟ್ಟುವ ಹಾಗಿಲ್ಲ. ಬೇರೆ ಯಾವುದಾದರೂ ಬ್ಯಾಕ್ಟೀರಿಯಾ ಸೇರಿತೋ, ಎರಡು ತಿಂಗಳ ಕೆಲಸ ಮೋರಿಗೆ. ಅದರಲ್ಲೂ ಮೊಸರಿನಲ್ಲಿರುವ ಲ್ಯಾಕ್ಟೋಬ್ಯಾಸಿಲಸ್ ಅಂದರೆ ಬಿಯರ್ ಮಾಡುವವರ ಜನ್ಮವೈರಿ.

ಈಗ ಗೊತ್ತಾಯಿತಲ್ಲ, ಮನೆಯಲ್ಲಿ ಜಗಳ ಎಲ್ಲಿಂದ ಶುರುವಾಗಿರಬಹುದು ಅಂತ.

ಅಮ್ಮ ಬಂದದ್ದು ಸೆಪ್ಟೆಂಬರಿನಲ್ಲಿ, ಆರು ತಿಂಗಳ ವೀಸಾದ ಮೇಲೆ. ಅಪ್ಪ ತೆಂಗಿನ ತೋಟ ಬಿಟ್ಟು ಬರುವುದಿಲ್ಲ ಅಂದರು, ಅವರು ಹಿರಿಯೂರು ದಾಟಿದರೇ ಅದು ದೂರದ ಪ್ರಯಾಣ. ಬಂದ ಮೂರನೇ ದಿನಕ್ಕೆ ಅಮ್ಮ ನಮ್ಮ ಅಂಗಡಿ ಮೊಸರನ್ನು ಬಾಯಿಗಿಟ್ಟು, "ಇದು ಮೊಸರಲ್ಲ ಕಣಪ್ಪ, ಅಂಟು" ಅಂದು ಮನೆಯಲ್ಲೇ ಹೆಪ್ಪು ಹಾಕಲು ಶುರು ಮಾಡಿದಳು. ಅಕ್ಟೋಬರಿನ ಚಳಿಗೆ ಹಾಲು ಹಾಲಾಗಿಯೇ ಉಳಿಯಿತು. ಆಮೇಲೆ ನನ್ನ ಹೆಂಡತಿ ಓವನ್ನಿನ ದೀಪ ಹಾಕಿ ಒಳಗಿಡಬಹುದು ಅಂತ ತೋರಿಸಿಕೊಟ್ಟಳು. ಅಮ್ಮ ಆ ಪಾತ್ರೆಗೆ ತನ್ನ ಹಳೆ ಶಾಲನ್ನೂ ಸುತ್ತುತ್ತಿದ್ದಳು, ಒಳಗೆ ಬೆಚ್ಚಗೇ ಇದ್ದರೂ. ನಾಲ್ಕನೇ ಸಲಕ್ಕೆ ಚಾಕು ಹಾಕಿ ಕುಯ್ಯಬಹುದಾದಂಥ ಗಟ್ಟಿ ಮೊಸರು ಬಂತು. ಅದರಲ್ಲಿ ಒಂದು ಚಮಚ ತೆಗೆದು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಎತ್ತಿಡುವುದು, ರಾತ್ರಿ ಮತ್ತೆ ಅದನ್ನೇ ಹಾಕುವುದು.

ಊರಲ್ಲಿ ಹೆಪ್ಪು ಮುಗಿದರೆ ಪಕ್ಕದ ಮನೆಗೆ ಚರಿಗೆ ಹಿಡಿದು ಓಡುತ್ತಿದ್ದವನು ನಾನು. ದೀಪ ಹಚ್ಚಿದ ಮೇಲೆ ಯಾರೂ ಕೊಡುತ್ತಿರಲಿಲ್ಲ, ಲಕ್ಷ್ಮಿ ಹೋಗುತ್ತಾಳೆ ಅಂತ. ಅಕಸ್ಮಾತ್ ಹೊತ್ತು ಮುಳುಗಿದ್ದರೆ ಅಜ್ಜಿ ಒಣಮೆಣಸಿನಕಾಯಿಯನ್ನು ತೊಟ್ಟಿನ ಸಮೇತ ಬೆಚ್ಚಗಿನ ಹಾಲಿಗೆ ಹಾಕಿ ಇಡುತ್ತಿದ್ದಳು, ಬೆಳಗ್ಗೆ ಹೇಗೋ ಮೊಸರಾಗಿರುತ್ತಿತ್ತು. ತೊಟ್ಟಿಗೆ ಅಂಟಿಕೊಂಡಿರುವ ಬ್ಯಾಕ್ಟೀರಿಯಾಗಳಿಂದ ಅದು ಆಗುವುದು. ಅಜ್ಜಿಗೆ ಮೆಣಸಿನಕಾಯಿಯ ಗುಣ ಅಷ್ಟೇ ಗೊತ್ತಿತ್ತು.

ಈಚಲು ಹೆಂಡದ ಕತೆಯೂ ಇದೇ. ನಮ್ಮ ಸೀಮೆಯ ಹಳ್ಳದ ದಂಡೆಗಳಲ್ಲಿ ಈಚಲು ಮರಗಳು ನಾನು ಚಿಕ್ಕವನಿದ್ದಾಗ ಬೇಕಾದಷ್ಟಿದ್ದವು. ಹೆಂಡ ಇಳಿಸುವವರು ಮರಕ್ಕೆ ಕಟ್ಟುವ ಮಡಿಕೆಯನ್ನು ಪೂರ್ತಿ ತೊಳೆಯುತ್ತಿರಲಿಲ್ಲ. ತಳದಲ್ಲಿ ಉಳಿದ ನಿನ್ನೆಯದೇ ಇವತ್ತಿನದಕ್ಕೆ ಹೆಪ್ಪು. ಹುಳಿ ಬರಬಾರದು, ಸಿಹಿ ನೀರಾ ಬೇಕು ಅಂದರೆ ಮಡಿಕೆಯ ಒಳಗೆ ಸುಣ್ಣ ಬಳಿಯುತ್ತಿದ್ದರು. ಮಂಗಳೂರು ಕಡೆ ಕ್ರೈಸ್ತರು ಸನ್ನಾಸ್ ಮಾಡಲು ಅಕ್ಕಿ ಹಿಟ್ಟಿಗೆ ಹಾಕುವುದೂ ಹೆಂಡವನ್ನೇ, ಒಳಗಿನ ಈಸ್ಟಿಗಾಗಿ. ಇಷ್ಟು ಹತ್ತಿರದ ನೆಂಟಸ್ತಿಕೆ ಇರುವಾಗ ಅಮ್ಮನಿಗೆ ನಿಜ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

ನವೆಂಬರ್ ಮೊದಲ ವಾರ ಸ್ಟಾರ್ಟರ್ ಮಾಡಿ ಅಡುಗೆಮನೆಯ ಮೂಲೆಯಲ್ಲಿ ಇಟ್ಟೆ. ಅಮ್ಮ ಬಂದವಳೇ ಬಗ್ಗಿ ನೋಡಿದಳು. ಗಾಜಿನ ಪಾತ್ರೆಯೊಳಗೆ ಕೆನೆಬಣ್ಣದ ನೀರು ಸುಳಿ ಸುತ್ತುತ್ತಿತ್ತು.

"ಇದೇನಪ್ಪ, ಯಾರೂ ಕಡೀದೆ ತಾನೇ ಕಡ್ಕೊಂತೈತೆ?"

"ಈಸ್ಟ್ ಕಣಮ್ಮ. ಬ್ರೆಡ್ಡಿಗೆ."

"ಇಷ್ಟೊಂದಾ?"

"ಹೂಂ."

ನಲವತ್ತೆರಡು ವರ್ಷದ ಗಂಡಸು, ಇಬ್ಬರು ಮಕ್ಕಳ ಅಪ್ಪ, ಅಮ್ಮನಿಗೆ ಬ್ರೆಡ್ಡು ಅಂತ ಸುಳ್ಳು ಹೇಳಿದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ನಿನ್ನ ಮೊಸರಿನ ಪಾತ್ರೆ ಇದರ ಹತ್ತಿರ ಇಡಬೇಡಮ್ಮ, ಆ ಕೈಯಲ್ಲಿ ಇದನ್ನ ಮುಟ್ಟಲೂ ಬೇಡ" ಅಂದೆ. ಅಮ್ಮನ ಮುಖ ಸಣ್ಣದಾಯಿತು. "ಯಾಕೆ, ನನ್ನ ಹೆಪ್ಪು ಮೈಲಿಗೇನಾ?" ಅಂದಳು. ಬ್ಯಾಕ್ಟೀರಿಯಾ, ಈಸ್ಟ್ ಅಂತ ಏನೇನೋ ಬಡಬಡಿಸಿದೆ. ಕೇಳಿಸಿಕೊಂಡು ಸುಮ್ಮನಾದಳು.

ಆ ರಾತ್ರಿ ಊಟಕ್ಕೆ ಕೂತಾಗ ಚಿಕ್ಕ ಮಗಳು, ಏಳು ವರ್ಷದವಳು, ತಟ್ಟೆಯಿಂದ ತಲೆಯೆತ್ತದೇ ಹೇಳಿದಳು. "ಅಜ್ಜೀ, ಅದು ಬ್ರೆಡ್ ಅಲ್ಲ. ಅಪ್ಪನ ಬಿಯರ್ ಬೇಬಿ."

ಯಾರೂ ಮಾತಾಡಲಿಲ್ಲ. ಅಮ್ಮ ಮುದ್ದೆ ಮುಗಿಸಿದಳು, ಮಜ್ಜಿಗೆ ಕುಡಿದಳು, ತಟ್ಟೆ ತೊಳೆದಿಟ್ಟು ರೂಮಿಗೆ ಹೋದಳು. ನನಗೆ ರಾತ್ರಿಯೆಲ್ಲ ಒಂದೇ ಯೋಚನೆ, ಬೆಳಗ್ಗೆ ಎದ್ದರೆ ಅದೆಲ್ಲ ಸಿಂಕಿನಲ್ಲಿರುತ್ತದೆ ಅಂತ. ಐದು ಗಂಟೆಗೇ ಕೆಳಗಿಳಿದು ನೋಡಿದೆ. ಈಸ್ಟು ಹಾಗೇ ತಿರುಗುತ್ತಿತ್ತು. ಅಮ್ಮನ ಸ್ಟೀಲ್ ಡಬ್ಬಿ ಮಾತ್ರ ಫ್ರಿಜ್ಜಿನಲ್ಲಿ ಇರಲಿಲ್ಲ. ತನ್ನ ರೂಮಿನ ಕಿಟಕಿಯ ಹತ್ತಿರ, ಗಾಜಿಗೆ ತಾಗಿಸಿ ಇಟ್ಟುಕೊಂಡಿದ್ದಳು, ಅಲ್ಲಿ ಫ್ರಿಜ್ಜಿನಷ್ಟೇ ತಣ್ಣಗಿರುತ್ತದೆ. ಕೇಳಿದ್ದಕ್ಕೆ, "ಅದರ ಪಕ್ಕದಲ್ಲಿ ನನ್ನ ಹೆಪ್ಪು ಇಡಲ್ಲ" ಅಂದಳು. ಅಷ್ಟೇ ಮಾತು. ಮುಂದಿನ ನಾಲ್ಕೈದು ದಿನ ನನ್ನ ಜೊತೆ ಊಟ, ತಿಂಡಿ, ಚಳಿ ಇವಿಷ್ಟರ ಮೇಲೆಯೇ ಮಾತು ನಡೆದದ್ದು.

ನಾನು ಬಿಯರ್ ಮಾಡುವುದನ್ನು ಬಿಡಲಿಲ್ಲ. ಬಿಡಬೇಕಿತ್ತೋ ಏನೋ. ಆ ಶನಿವಾರ ಅಮ್ಮನನ್ನು ಹೆಂಡತಿ ದೇವಸ್ಥಾನಕ್ಕೆ ಕರೆದುಕೊಂಡು ಹೋದಾಗ ಕುದಿಸಿ, ಆರಿಸಿ, ಈಸ್ಟ್ ಹಾಕಿ ಬೇಸ್‌ಮೆಂಟಿಗೆ ಸಾಗಿಸಿದೆ. ಬಂದ ಕೂಡಲೇ ಅಮ್ಮ ಮೂಗೇರಿಸಿದಳು. ಮಾಲ್ಟ್ ಕುದಿಸಿದ ಮನೆ ಎರಡು ದಿನ ಹುರಿಹಿಟ್ಟಿನ ವಾಸನೆ ಹೊಡೆಯುತ್ತದೆ, ಮುಚ್ಚಿಡಲು ಆಗುವುದಿಲ್ಲ.

ಇಲ್ಲಿ ಸ್ವಲ್ಪ ಈಸ್ಟಿನ ಪುರಾಣ ಹೇಳಲೇಬೇಕು, ನನಗೆ ಇಷ್ಟವಾದ ಭಾಗ ಇದು. ನೂರಾರು ವರ್ಷ ಜನ ಈಸ್ಟ್ ಅಂದರೆ ಏನು ಅಂತಲೇ ಗೊತ್ತಿಲ್ಲದೆ ಬಿಯರ್ ಮಾಡಿದರು, ಹೋದ ಸಲದ ಗಸಿಯನ್ನು ಈ ಸಲಕ್ಕೆ ಹಾಕಿದರು, ನಮ್ಮ ಅಜ್ಜಿಯರ ಹಾಗೆಯೇ. ಲೂಯಿ ಪ್ಯಾಶ್ಚರ್ 1876ರಲ್ಲಿ ಬಿಯರಿನ ಮೇಲೆಯೇ ಒಂದು ಪುಸ್ತಕ ಬರೆದ. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಶಾಲೆಯಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಎಂಬಾತ ಒಂದೇ ಒಂದು ಈಸ್ಟ್ ಕಣದಿಂದ ಶುದ್ಧ ತಳಿ ಬೆಳೆಸಿದ. ಬಿಯರ್ ಕೆಡುವುದು ನಿಂತಿತು. ಕಂಪನಿಯವರು ಅದನ್ನು ಬಚ್ಚಿಟ್ಟುಕೊಳ್ಳಲಿಲ್ಲ, ಕೇಳಿದ ಬೇರೆ ಕಂಪನಿಗಳಿಗೂ ಕೊಟ್ಟರು. ಹೆಪ್ಪು ಕೇಳಿದರೆ ಇಲ್ಲ ಅನ್ನಬಾರದು ಅಂತ ಅವರಿಗೂ ಯಾರೋ ಹೇಳಿರಬೇಕು. ಇನ್ನೂ ಮಜಾ ಅಂದರೆ ಈ ಲಾಗರ್ ಈಸ್ಟು ಬೆರಕೆ ತಳಿ. ಒಂದು ಕಡೆಯಿಂದ ಏಲ್ ಈಸ್ಟು. ಇನ್ನೊಂದು ಕಡೆಯ ಕಾಡು ಈಸ್ಟು ಯಾವುದು ಅಂತ ಬಹಳ ಕಾಲ ಗೊತ್ತೇ ಇರಲಿಲ್ಲ. 2011ರಲ್ಲಿ ದಕ್ಷಿಣ ಅಮೆರಿಕಾದ ಪ್ಯಾಟಗೋನಿಯಾದ ಕಾಡಿನ ಬೀಚ್ ಮರದ ಗಂಟುಗಳಲ್ಲಿ ಸಿಕ್ಕಿತು. ಆಮೇಲೆ ಟಿಬೆಟ್ಟಿನಲ್ಲಿ, ಐರ್ಲೆಂಡಿನಲ್ಲಿ ಕೂಡ ಸಿಕ್ಕಿದೆ. ಚಳಿ ತಡೆಯುವ ಗುಣ ಲಾಗರಿಗೆ ಬಂದದ್ದು ಈ ಕಾಡು ನೆಂಟನಿಂದ. ನನ್ನಂಥ ಬಯಲುಸೀಮೆಯವನಿಗೆ ಮೈನಸ್ ಇಪ್ಪತ್ತರ ಊರಿನಲ್ಲಿ ಬದುಕಲು ಬೇಕಾದ್ದೂ ಅದೇ, ಸಿಕ್ಕಿಲ್ಲ.

ಹನ್ನೆರಡು ದಿನ ಕಳೆಯಿತು. ಬಿಯರ್ ಎಲ್ಲಿಗೆ ಬಂದಿದೆ ನೋಡೋಣ ಅಂತ ಒಂದು ಲೋಟದಷ್ಟು ತೆಗೆದು, ಅಳೆಯಲು ಅಡುಗೆಮನೆಗೆ ತಂದೆ. ಅಮ್ಮ ಆ ತುದಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು (ಇಂಡಿಯನ್ ಅಂಗಡಿಯಲ್ಲಿ ಸಿಕ್ಕಿತ್ತು, ಬೆಲೆ ಅವಳಿಗೆ ಹೇಳಿಲ್ಲ). ತಲೆ ಎತ್ತಿ,

"ಯಾರು ಬೆಣ್ಣೆ ಇಟ್ಟಿರೋದು ಹೊರಗೆ?" ಅಂದಳು.

"ಯಾರೂ ಇಟ್ಟಿಲ್ಲಮ್ಮ."

"ಬತ್ತೈತೆ ಕಣಪ್ಪ ವಾಸನೆ. ಎರಡು ಮೂರು ದಿನ ಕಡೀದೆ ಬಿಟ್ಟ ಬೆಣ್ಣೆ."

ನಾನು ಲೋಟ ಮೂಸಿದೆ. ನನಗೆ ಏನೂ ಬರಲಿಲ್ಲ. ಲೋಟವನ್ನು ಅವಳ ಹತ್ತಿರ ಹಿಡಿಯಲೋ ಬೇಡವೋ ಅಂತ ಒಂದು ಕ್ಷಣ ಹಿಂದೆಮುಂದೆ ನೋಡಿ, ಹಿಡಿದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮೂಗು ಮಾತ್ರ ಬಿಟ್ಟು ಮೂಸಿದಳು.

"ಇದೇ. ಬೆಣ್ಣೆ. ಹೆಂಡಕ್ಕೆ ಈ ವಾಸನೆ ಬರಬಾರದು."

ಇದಕ್ಕೆ ಡೈಅಸಿಟೈಲ್ ಅಂತ ಹೆಸರು. ಬೆಣ್ಣೆಗೆ ಬೆಣ್ಣೆಯ ಘಮ ಬರುವುದೇ ಇದರಿಂದ, ಮೊಸರಿನ ಕೆಲವು ಬ್ಯಾಕ್ಟೀರಿಯಾಗಳು ಇದನ್ನು ಮಾಡುತ್ತವೆ. ಈಸ್ಟು ಹುಳಿ ಬರಿಸುವಾಗಲೂ ಇದು ಹುಟ್ಟುತ್ತದೆ. ಬೆಚ್ಚಗಿದ್ದರೆ ಈಸ್ಟೇ ಮತ್ತೆ ಅದನ್ನು ತಿಂದು ಮುಗಿಸುತ್ತದೆ, ಲಾಗರಿನ ಚಳಿಯಲ್ಲಿ ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಕೊನೆಯಲ್ಲಿ ಎರಡು ಮೂರು ದಿನ 16-18 ಡಿಗ್ರಿಗೆ ತಂದಿಡಬೇಕು. ಕೆಲವರ ಮೂಗಿಗೆ ಈ ವಾಸನೆ ಹತ್ತುವುದೇ ಇಲ್ಲ. ನನ್ನದು ಆ ಜಾತಿಯ ಮೂಗು ಅಂತ ಅವತ್ತು ತಿಳಿಯಿತು. ಹಿಂದಿನ ವರ್ಷ ಆಫೀಸಿನ ಗೆಳೆಯರಿಗೆ ಹಂಚಿದ್ದೆನಲ್ಲ, ಅವರೆಲ್ಲ "ತುಂಬಾ ಚೆನ್ನಾಗಿದೆ" ಅಂದು ಅರ್ಧ ಬಿಟ್ಟಿದ್ದು ಯಾಕೆ ಅಂತಲೂ.

"ಬೆಚ್ಚಗಿಡಬೇಕಮ್ಮ ಮೂರು ದಿನ. ಹಾಲಿನಲ್ಲಿ ಇಡ್ತೀನಿ" ಅಂದೆ.

"ಹಾಲಿನಲ್ಲಿ ಬೇಡ. ಭಾನುವಾರ ಜನ ಬತ್ತಾರೆ, ನೋಡ್ತಾರೆ." ಸ್ವಲ್ಪ ಹೊತ್ತು ಅವರೆಕಾಯಿ ಸುಲಿದಳು. "ನನ್ನ ರೂಮಲ್ಲಿಡು."

ನಾನು ಬೇಡ ಅಂದೆ. ಅವಳು ಎದ್ದು ಹೋಗಿ ತನ್ನ ದೇವರ ಫೋಟೋ, ಕುಂಕುಮದ ಭರಣಿ, ಕಿಟಕಿಯ ಹೆಪ್ಪಿನ ಡಬ್ಬಿ ಎಲ್ಲವನ್ನೂ ತಂದು ಅಡುಗೆಮನೆಯಲ್ಲಿ ಜೋಡಿಸಿದಳು. ಆಮೇಲೆ "ತಂದಿಡು" ಅಂದಳು.

ಮೊದಲ ರಾತ್ರಿಯೇ ಬೆಚ್ಚಗಾಗಿ ಒಳಗಿನ ಗಾಳಿ ಹೊರಬರಲು ಶುರುವಾಯಿತು. ಮುಚ್ಚಳದ ಮೇಲಿನ ನೀರಿನ ಕೊಳವೆಯಲ್ಲಿ ಗುಳು ಗುಳು ಅಂತ ಸದ್ದು. ಬೆಳಗ್ಗೆ ಕಾಫಿ ಕೊಡಲು ಹೋದೆ, ಅಮ್ಮ ಎದ್ದು ಗೋಡೆಗೊರಗಿ ಕೂತಿದ್ದಳು.

"ರಾತ್ರಿಯೆಲ್ಲ ಮಾತಾಡ್ತೈತೆ ಕಣಪ್ಪ ಇದು. ನಿದ್ದೆ ಬರ್ಲಿಲ್ಲ. ನಿಮ್ಮ ಚಿಕ್ಕಮಾವ ನೆನಪಾದ."

ಚಿಕ್ಕಮಾವ ಅಂದರೆ ಅಮ್ಮನ ಕೊನೆಯ ತಮ್ಮ. ಟ್ರಾಕ್ಟರ್ ಓಡಿಸುತ್ತಿದ್ದ. ನನಗೆ ಈಜು ಕಲಿಸಿದವನು. 1998ರಲ್ಲಿ ಕಾಮಾಲೆ ಬಂದು ತೀರಿಕೊಂಡ, ಮೂವತ್ತಾರು ವರ್ಷ. ಕಾಮಾಲೆ ಅಂತ ಮಕ್ಕಳಿಗೆ ಹೇಳಿದ್ದು. ಸಾರಾಯಿ ಅಂತ ನನಗೆ ಆಗಲೂ ಗೊತ್ತಿತ್ತು, ಊರಲ್ಲಿ ಯಾರಿಗೆ ಗೊತ್ತಿರಲಿಲ್ಲ. ಪ್ಲಾಸ್ಟಿಕ್ ಪಾಕೀಟಿನ ಸಾರಾಯಿ, ಹಲ್ಲಿನಿಂದ ಮೂಲೆ ಕಚ್ಚಿ ನಿಂತಲ್ಲೇ ಕುಡಿದು ಪಾಕೀಟು ಬಿಸಾಡುವುದು. ಶಾಲೆಗೆ ಹೋಗುವ ದಾರಿಯಲ್ಲಿ ಅವುಗಳನ್ನು ಒದ್ದುಕೊಂಡು ಹೋಗುತ್ತಿದ್ದೆವು.

ನನಗೆ ಗೊತ್ತಿರದೇ ಇದ್ದದ್ದನ್ನು ಅವತ್ತು ಅಮ್ಮ ಹೇಳಿದಳು. ಆಸ್ಪತ್ರೆಗೆ ಸೇರಿಸಲು ತನ್ನ ಓಲೆ ಬಿಚ್ಚಿ ಅವನ ಕೈಗೇ ಕೊಟ್ಟಿದ್ದಳಂತೆ, ಅಡವಿಟ್ಟು ಬಾ ಅಂತ. ಅವನು ಅಡವಿಟ್ಟ. ಆಸ್ಪತ್ರೆಗೆ ಹೋಗಲಿಲ್ಲ. ಅಪ್ಪನಿಗೆ ಓಲೆ ಕಳೆದುಹೋಯಿತು ಅಂತ ಹೇಳಿದ್ದಳು. ಇವತ್ತಿಗೂ ಅಪ್ಪ ಹಾಗೇ ಅಂದುಕೊಂಡಿದ್ದಾರೆ. (ಅಪ್ಪ ಇದನ್ನು ಓದುವುದಿಲ್ಲ. ಓದುವವರು ಅವರಿಗೆ ಹೇಳಬೇಡಿ.)

"ನಿಮ್ಮಜ್ಜನೂ ಕುಡೀತಿದ್ರು" ಅಂದಳು. "ದಿನಾ ಸಾಯಂಕಾಲ ಒಂದು ಕುಡಿಕೆ ಈಚಲ ಹೆಂಡ. ಎಂಬತ್ತರ ತನಕ ಬದುಕಿದ್ರು. ಹೆಂಡ ಯಾರನ್ನೂ ಕೊಲ್ಲಲಿಲ್ಲ, ಈ ಪಾಕೀಟು ಬಂದಮೇಲೆ ಆಗಿದ್ದು ಇದೆಲ್ಲ."

ಈ ಮಾತನ್ನು ನಮ್ಮ ಕಡೆ ಬಹಳ ಜನ ಹೇಳುತ್ತಾರೆ. ಪೂರ್ತಿ ಸರಿಯಲ್ಲ ಅಂತ ನನ್ನ ಅನಿಸಿಕೆ. ಸಾರಾಯಿ ಹೆಂಡಕ್ಕಿಂತ ಹಲವು ಪಟ್ಟು ಗಟ್ಟಿ ಅನ್ನುವುದು ನಿಜ. ಹೆಂಡದಲ್ಲಿ ಹಾಳಾದವರ ಲೆಕ್ಕ ಯಾರಿಟ್ಟಿದ್ದಾರೆ? 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಅಮ್ಮ ಅವತ್ತು ಫೋನ್ ಮಾಡಿ ಖುಷಿಪಟ್ಟಿದ್ದು ನೆನಪಿದೆ, ಯಾಕೆ ಅಷ್ಟು ಖುಷಿ ಅಂತ ಆಗ ನಾನು ಕೇಳಿರಲಿಲ್ಲ. ಕುಡಿಯುವವರು ಪಾಕೀಟಿನಿಂದ ಅಗ್ಗದ ವಿಸ್ಕಿಗೆ ಹೋದರು, ಅದು ಬೇರೆ ಮಾತು.

ಅಮ್ಮ ಕಾಫಿ ಲೋಟ ಕೆಳಗಿಟ್ಟು ಕೇಳಿದಳು. "ನೀನು ಎಷ್ಟು ಕುಡೀತೀಯ?"

"ವಾರಕ್ಕೆ ಒಂದೆರಡು ಬಾಟ್ಲಿ ಅಮ್ಮ. ಶನಿವಾರ, ಭಾನುವಾರ."

"ಸರಿ" ಅಂದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಹೇಳಿದ ಮೇಲೆ ನನಗೇ ಯಾಕೋ ಕಿರಿಕಿರಿ. ಬೇಸ್‌ಮೆಂಟಿನಲ್ಲಿ ಖಾಲಿ ಬಾಟಲಿ ಇಡುವ ಡಬ್ಬ ಇದೆ, ಅವು ಮತ್ತೆ ತುಂಬಲು ಬೇಕಾಗುತ್ತವೆ ಅಂತ ಎಸೆಯುವುದಿಲ್ಲ. ಅವತ್ತು ಅದನ್ನು ಪೂರ್ತಿ ಖಾಲಿ ಮಾಡಿ, ಒಂದು ವಾರ ಸುಮ್ಮನೆ ಎಂದಿನಂತೆ ಇದ್ದು, ಮುಂದಿನ ಶನಿವಾರ ಎಣಿಸಿದೆ. ಒಂಬತ್ತು. ಮತ್ತೆ ಎಣಿಸಿದೆ, ಒಂಬತ್ತೇ. ಅದು ಅಮ್ಮ ಮನೆಯಲ್ಲಿದ್ದಾಳೆ ಅಂತ ಕಮ್ಮಿ ಮಾಡಿದ್ದ ವಾರ. ಹೆಂಡತಿಗೆ ಹೇಳಿದೆ. "ನಂಗೆ ಗೊತ್ತಿತ್ತು" ಅಂದು ಬಟ್ಟೆ ಮಡಿಚುವುದನ್ನು ಮುಂದುವರಿಸಿದಳು. ಗೊತ್ತಿದ್ದರೆ ಯಾಕೆ ಹೇಳಲಿಲ್ಲ ಅಂತ ಕೇಳಿದರೆ, "ನೀವು ಅದನ್ನ ಹವ್ಯಾಸ ಅಂತಿದ್ರಲ್ಲ" ಅಂದಳು.

ಮೂರು ದಿನದ ಮೇಲೆ ಇನ್ನೊಂದು ಲೋಟ ತೆಗೆದು ಅಮ್ಮನ ಮುಂದೆ ಹಿಡಿದೆ. ಮೂಸಿ, "ಹೋಯ್ತು" ಅಂದಳು. ಮತ್ತೆ ಬೇಸ್‌ಮೆಂಟಿಗೆ ಇಳಿಸಿ, ಆಮೇಲೆ ಹಳೆ ಫ್ರಿಜ್ಜಿನಲ್ಲಿ ಸೊನ್ನೆಯ ಹತ್ತಿರ ಏಳು ವಾರ ಇಟ್ಟೆ. ದೇವರ ಫೋಟೋ ರೂಮಿಗೆ ವಾಪಸ್ ಹೋಯಿತು, ಹೆಪ್ಪಿನ ಡಬ್ಬಿ ಫ್ರಿಜ್ಜಿಗೆ. ಅಲ್ಲಿ ಮೇಲಿನ ಅರೆಯಲ್ಲಿ ನನ್ನ ಈಸ್ಟಿನ ಸೀಸೆ ಇತ್ತು, ಮುಂದಿನ ಸಲಕ್ಕೆ ಎತ್ತಿಟ್ಟದ್ದು. ಅದನ್ನು ನೋಡಿ ಡಬ್ಬಿಯನ್ನು ಕೆಳಗಿನ ಅರೆಯಲ್ಲಿಟ್ಟಳು.

ಫೆಬ್ರವರಿ ಎರಡನೇ ವಾರ ಅಮ್ಮ ಊರಿಗೆ ಹೊರಟಳು. ಬಾಟಲಿಗೆ ತುಂಬಿದ್ದು ಅದಕ್ಕೆ ಎರಡು ವಾರ ಮೊದಲು. ತುಂಬುವಾಗ ಮುಚ್ಚಳ ಒತ್ತುವ ಕೆಲಸಕ್ಕೆ ಮಕ್ಕಳ ಜೊತೆ ಅವಳೂ ಬಂದು ನಿಂತಳು, ಸುಮ್ಮನೆ ನೋಡಿ ಕೂರಲು ಅವಳಿಗೆ ಬರುವುದಿಲ್ಲ. ಐವತ್ತೆರಡು ಬಾಟಲಿ. ರುಚಿ ನೋಡು ಅಂತ ನಾನು ಕೇಳಲಿಲ್ಲ, ಅವಳೂ ನೋಡಲಿಲ್ಲ. ಏರ್‌ಪೋರ್ಟಿಗೆ ಹೋಗುವಾಗ ಕಾರಿನಲ್ಲಿ ಹೇಳಿದೆ. "ಅಮ್ಮ, ಒಂದೆರಡು ಅಂದಿದ್ನಲ್ಲ, ಒಂಬತ್ತು ಅದು." ಅಮ್ಮ ಕಿಟಕಿಯಾಚೆ ಹಿಮ ನೋಡುತ್ತಿದ್ದಳು. "ಐವತ್ತೆರಡು ಅವೆಯಲ್ಲ, ಒಂದು ವರ್ಷ ಬರ್ಸು" ಅಂದಳು.

ವಾರಕ್ಕೆ ಒಂದು. ಲೆಕ್ಕ ಇಂಜಿನಿಯರ್ ಮಗನಿಗಿಂತ ಬೇಗ ಮಾಡಿದ್ದಳು.

ಈಗ ಎಷ್ಟು ಉಳಿದಿವೆ ಅಂತ ಇಲ್ಲಿ ಬರೆಯುವುದಿಲ್ಲ. ಅವಳು ಹೇಳಿದ್ದಕ್ಕಿಂತ ಕಮ್ಮಿ ಇವೆ, ನಾನು ಹೆದರಿದ್ದಕ್ಕಿಂತ ಜಾಸ್ತಿ ಇವೆ. ಈ ಸಲದ ಬಿಯರ್ ನಿಜವಾಗಿಯೂ ಚೆನ್ನಾಗಿದೆ. ಆಫೀಸಿನವರು ಪೂರ್ತಿ ಕುಡಿದರು.

ಹೆಪ್ಪಿನ ಕತೆ ಮಾತ್ರ ಕೆಟ್ಟಿತು. ಅಮ್ಮ ಹೋಗುವಾಗ ಸ್ಟೀಲ್ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, ದಿನಾ ರಾತ್ರಿ ಹಾಕು, ಬಿಡಬೇಡ ಅಂದಿದ್ದಳು. ಒಂದೂವರೆ ತಿಂಗಳು ತಪ್ಪದೇ ಹಾಕಿದೆ, ಶಾಲು ಸಮೇತ. ಏಪ್ರಿಲ್ಲಿನಲ್ಲಿ ಹತ್ತು ದಿನ ಎಲ್ಲರೂ ಊರಿಗೆ ಊರೇ ಸುತ್ತಲು ಹೋಗಿದ್ದೆವು. ಬಂದು ನೋಡಿದರೆ ಡಬ್ಬಿಯಲ್ಲಿ ಗುಲಾಬಿ ಬಣ್ಣದ ಬೂಷ್ಟು. ಪಕ್ಕದಲ್ಲಿ ಸೀಲ್ ಮಾಡಿಟ್ಟ ಈಸ್ಟಿನ ಸೀಸೆಗೆ ಏನೂ ಆಗಿರಲಿಲ್ಲ, ಅದನ್ನು ನೋಡಿ ಇನ್ನೂ ಬೇಜಾರಾಯಿತು. ನಾಲ್ಕು ಮನೆ ಆಚೆ ಒಂದು ಗುಜರಾತಿ ಕುಟುಂಬ ಇದೆ. ಅವರ ಮನೆಯ ಅಜ್ಜಿಯ ಹತ್ತಿರ ಒಂದು ಚಮಚ ಕೇಳಿ ತಂದೆ. ಮಧ್ಯಾಹ್ನವೇ ಹೋಗಿದ್ದೆ, ದೀಪ ಹಚ್ಚುವ ಮೊದಲು.

ಪ್ರತಿ ಭಾನುವಾರ ಅಮ್ಮ ಫೋನಿನಲ್ಲಿ ಕೇಳುತ್ತಾಳೆ, ಹೆಪ್ಪು ನಡೀತೈತಾ ಅಂತ. ನಡೀತಿದೆ ಅಮ್ಮ, ಅಂತೀನಿ.